ಎಲೆ ಹೊಲಿದು ಗಂಟು ಹಾಕುವ ಹಕ್ಕಿ: ಸಿಂಪಿಗನ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಮಳೆಗಾಲ ಶುರುವಾಗುತ್ತಿದ್ದಂತೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ವಿಡಿಯೋ ಸುತ್ತಾಡತೊಡಗುತ್ತದೆ. ಪುಟ್ಟ ಹಸಿರು ಹಕ್ಕಿಯೊಂದು ಕೊಕ್ಕಿನಲ್ಲಿ ದಾರ ಹಿಡಿದು ಎರಡು ಎಲೆಗಳನ್ನು ಸೇರಿಸುತ್ತಿರುತ್ತದೆ. ಹಿನ್ನೆಲೆಯಲ್ಲಿ ಭಕ್ತಿಗೀತೆ. ಕೆಳಗೆ ಬರಹ: "ದೇವರು ಕಳಿಸಿದ ಟೇಲರ್. ಸೂಜಿ ಇಲ್ಲದೆ ಹೊಲಿದು ಗಂಟು ಹಾಕುವ ಜಗತ್ತಿನ ಅತಿ ಚಿಕ್ಕ ಹಕ್ಕಿ. ಹತ್ತು ಜನರಿಗೆ ಕಳಿಸಿ."

ಇದನ್ನು ನೋಡಿ ಪೂರ್ತಿ ಸುಳ್ಳು ಎನ್ನುವವರಿದ್ದಾರೆ. ಪೂರ್ತಿ ನಿಜ ಎಂದು ಮುಂದೆ ಕಳಿಸುವವರೂ ಇದ್ದಾರೆ. ಇಬ್ಬರೂ ಅರ್ಧರ್ಧ ಸರಿ. ಹಕ್ಕಿ ನಿಜ, ಹೊಲಿಗೆ ನಿಜ. ಗಂಟು ಮಾತ್ರ ಸುಳ್ಳು. ಇದನ್ನು ನೋಡಲು ದೂರದ ಕಾಡಿಗೆ ಹೋಗಬೇಕಾಗಿಯೂ ಇಲ್ಲ. ಯಾದಗಿರಿಯ ಕೋಟೆ ಬೆಟ್ಟದ ಬುಡದ ಮನೆಗಳಿರಲಿ, ಶಹಾಪುರದ ಹಿತ್ತಲುಗಳಿರಲಿ, ಸುರಪುರದ ಬೇಲಿ ಸಾಲುಗಳಿರಲಿ, ಎಲ್ಲಿ ನಾಲ್ಕು ದಟ್ಟ ಗಿಡಗಳಿವೆಯೋ ಅಲ್ಲಿ ಇದಕ್ಕೆ ಜಾಗವಿದೆ. ನಮ್ಮ ಮನೆ ಹಿಂದೆಯೇ ಇರುವ ಈ ಹಕ್ಕಿಯ ಬಗ್ಗೆ ನಮಗೆ ಗೊತ್ತಿರಬೇಕಾದ ಸಂಗತಿಗಳನ್ನು ಒಂದೊಂದಾಗಿ ನೋಡೋಣ.

ಯಾವುದು ಈ ಹಕ್ಕಿ?

ಕನ್ನಡದಲ್ಲಿ ಇದಕ್ಕೆ ಸಿಂಪಿಗ, ಟುವ್ವಿ ಹಕ್ಕಿ, ದರ್ಜಿ ಹಕ್ಕಿ ಎಂದೆಲ್ಲ ಹೆಸರುಗಳಿವೆ. ನಮ್ಮ ಕಡೆ ಬಟ್ಟೆ ಹೊಲಿಯುವವರನ್ನು ಸಿಂಪಿಗರು ಎನ್ನುವುದರಿಂದ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್‌ನಲ್ಲಿ ಕಾಮನ್ ಟೇಲರ್‌ಬರ್ಡ್. (ಸುರಪುರದ ಟೇಲರ್ ಮಂಜಿಲ್‌ಗೂ ಈ ಹಕ್ಕಿಗೂ ಸಂಬಂಧವಿಲ್ಲ. ಅದು 1840ರ ದಶಕದಲ್ಲಿ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಹೆಸರಿನ ಬಂಗಲೆ.) ವೈಜ್ಞಾನಿಕ ಹೆಸರು ಆರ್ಥೊಟೋಮಸ್ ಸುಟೋರಿಯಸ್. ಲ್ಯಾಟಿನ್‌ನಲ್ಲಿ 'ಸುಟೋರ್' ಎಂದರೆ ಚಪ್ಪಲಿ ಹೊಲಿಯುವವನು. ಶ್ರೀಲಂಕಾದ ಹಕ್ಕಿಯನ್ನು ಆಧರಿಸಿ ಥಾಮಸ್ ಪೆನಂಟ್ ಎಂಬ ಬ್ರಿಟಿಷ್ ನಿಸರ್ಗ ವಿಜ್ಞಾನಿ 1769ರಲ್ಲಿ ಇದನ್ನು ವಿವರಿಸಿದ.

ಗುರುತು ಹಿಡಿಯುವುದು ಸುಲಭ. ಬೆನ್ನು ಎಲೆಹಸಿರು, ಹೊಟ್ಟೆ ಮಾಸಲು ಬಿಳಿ, ನೆತ್ತಿಯ ಮೇಲೆ ತುಕ್ಕಿನ ಬಣ್ಣದ ಟೋಪಿ. ಬಾಲವನ್ನು ಸದಾ ಮೇಲಕ್ಕೆತ್ತಿ ಅಲ್ಲಾಡಿಸುತ್ತಿರುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಗಂಡಿನ ಬಾಲದ ನಡುವಿನ ಎರಡು ಗರಿಗಳು ಉದ್ದ ಬೆಳೆಯುತ್ತವೆ. ಬಾಲ ಸೇರಿಸಿ ಉದ್ದ ಸುಮಾರು 13 ಸೆಂಟಿಮೀಟರ್, ತೂಕ 6ರಿಂದ 10 ಗ್ರಾಂ. ನಿಮ್ಮ ಜೇಬಿನ ಹತ್ತು ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಹಕ್ಕಿಯೂ ಹೆಚ್ಚುಕಡಿಮೆ ಅಷ್ಟೇ.

ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಹಕ್ಕಿ ಇದು. "ಟುವ್ವಿ ಟುವ್ವಿ ಟುವ್ವಿ" ಎಂದು ನಿಲ್ಲಿಸದೆ ಕೂಗುತ್ತದೆ. ಇಷ್ಟು ಸಣ್ಣ ದೇಹದಿಂದ ಇಷ್ಟು ದೊಡ್ಡ ದನಿ ಬರುತ್ತದೆಯೇ ಎಂದು ಅಚ್ಚರಿಯಾಗುತ್ತದೆ. ಕೂಗುವಾಗ ಗಂಟಲ ಗರಿಗಳು ಸರಿದು ಎರಡೂ ಬದಿಯಲ್ಲಿ ಕಪ್ಪು ಚುಕ್ಕೆಯಂಥ ಚರ್ಮ ಕಾಣಿಸುತ್ತದೆ. ಅದು ಗಾಯವಲ್ಲ, ರೋಗವೂ ಅಲ್ಲ.

ಅಂದ ಹಾಗೆ, ಇದು ಜಗತ್ತಿನ ಅತಿ ಚಿಕ್ಕ ಹಕ್ಕಿ ಎಂಬುದು ತಪ್ಪು. ಆ ದಾಖಲೆ ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್‌ನದು. ಅದರ ತೂಕ ಸುಮಾರು 2 ಗ್ರಾಂ. ನಮ್ಮಲ್ಲೇ ಇರುವ ಬದನಿಕೆ ಹಕ್ಕಿಯೂ ಸಿಂಪಿಗನಿಗಿಂತ ಚಿಕ್ಕದು.

ಇನ್ನೊಂದು ಗೊಂದಲ ಚಳಿಗಾಲದ್ದು. ಅಕ್ಟೋಬರ್ ಹೊತ್ತಿಗೆ ಉತ್ತರದ ಹಿಮಾಲಯ, ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಎಲೆ ಉಲಿಯಕ್ಕಿಗಳು ಬಂದು ಬೇವು, ಹುಣಸೆ ಮರಗಳಲ್ಲಿ ಹುಳ ಹುಡುಕುತ್ತವೆ. ಅವೂ ಹಸಿರು, ಅವೂ ಅಷ್ಟೇ ಸಣ್ಣವು. ಆದರೆ ಅವುಗಳ ತಲೆಯ ಮೇಲೆ ತುಕ್ಕು ಟೋಪಿ ಇರುವುದಿಲ್ಲ, ಬಾಲ ನೆಟ್ಟಗೆ ನಿಲ್ಲುವುದಿಲ್ಲ, ಎಲೆ ಹೊಲಿಯುವುದೂ ಇಲ್ಲ. ಬೇಸಿಗೆ ಬರುವಷ್ಟರಲ್ಲಿ ವಾಪಸ್ ಹೊರಡುತ್ತವೆ. ಸಿಂಪಿಗ ಮಾತ್ರ ವರ್ಷಪೂರ್ತಿ ನಮ್ಮ ಜತೆಗೇ ಇರುತ್ತದೆ.

ಹೊಲಿಗೆ ಹೇಗೆ? ಗಂಟು ಯಾಕಿಲ್ಲ?

ಗಂಟಿನ ಕಥೆ ವಾಟ್ಸಾಪ್‌ನಲ್ಲಿ ಹುಟ್ಟಿದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ ಟಿ.ಸಿ. ಜೆರ್ಡನ್ ಕೂಡ ಈ ಹಕ್ಕಿ ಗಂಟು ಹಾಕುತ್ತದೆ ಎಂದು ಬರೆದಿದ್ದ. ದೊಡ್ಡ ತಜ್ಞ ಹೇಳಿದ ಮೇಲೆ ಕೇಳಬೇಕೆ, ಮಾತು ಬಾಯಿಂದ ಬಾಯಿಗೆ ಹೋಯಿತು. ಆಮೇಲೆ ಕೇಸಿ ವುಡ್ ಎಂಬ ವೈದ್ಯ ಶ್ರೀಲಂಕಾದ ಗೂಡೊಂದನ್ನು ಎಳೆ ಎಳೆಯಾಗಿ ಪರೀಕ್ಷಿಸಿದ. ಗಂಟು ಎಲ್ಲೂ ಸಿಗಲಿಲ್ಲ.

ನಿಜವಾಗಿ ನಡೆಯುವುದು ಹೀಗೆ. ಹಕ್ಕಿ ಮೊದಲು ಅಗಲವಾದ, ಮೆತ್ತಗಿನ, ಗಟ್ಟಿ ತೊಟ್ಟಿನ ಎಲೆ ಆರಿಸುತ್ತದೆ. ಒಂದೇ ಎಲೆ ಸಾಕಷ್ಟು ದೊಡ್ಡದಿದ್ದರೆ ಅದನ್ನೇ ಕೊಳವೆಯಂತೆ ಬಾಗಿಸುತ್ತದೆ. ಸಾಲದಿದ್ದರೆ ಪಕ್ಕದ ಎರಡು ಮೂರು ಎಲೆಗಳನ್ನು ಹತ್ತಿರ ತರುತ್ತದೆ. ಸೂಜಿಯಂತೆ ಚೂಪಾದ ಕೊಕ್ಕಿನಿಂದ ಎಲೆಯ ಅಂಚಿನಲ್ಲಿ ಸಣ್ಣ ತೂತು ಚುಚ್ಚುತ್ತದೆ. ಹತ್ತಿಯ ಎಳೆ, ಗಿಡದ ನಾರು, ಜೇಡರ ಬಲೆಯ ನೂಲು, ಹುಳಗಳ ಗೂಡಿನ ರೇಷ್ಮೆ, ಹೀಗೆ ಸಿಕ್ಕಿದ್ದನ್ನು ಆ ತೂತಿನಲ್ಲಿ ಎಳೆಯುತ್ತದೆ. ಹೊರಗೆ ಬಂದ ತುದಿ ಹಿಂಜಿದ ಅರಳೆಯಂತೆ ಉಬ್ಬಿಕೊಳ್ಳುತ್ತದೆ. ಉಬ್ಬಿದ ತುದಿ ತೂತಿನಿಂದ ವಾಪಸ್ ಜಾರುವುದಿಲ್ಲ. ಅಷ್ಟೇ ಅದರ ಗುಟ್ಟು.

ಟೇಲರ್ ಅಂಗಡಿಯ ಮಷಿನ್ ದಾರ ತುಂಡರಿಸದೆ ಉದ್ದಕ್ಕೂ ಹೊಲಿಯುತ್ತದೆ. ಸಿಂಪಿಗನ ಹೊಲಿಗೆ ಹಾಗಲ್ಲ, ಕಬ್ಬಿಣದ ಟ್ರಂಕಿಗೆ ಹೊಡೆದ ರಿವೆಟ್‌ಗಳ ಹಾಗೆ. ಒಂದೊಂದು ಹೊಲಿಗೆಯೂ ಬಿಡಿಬಿಡಿ. ಒಂದು ಕಿತ್ತರೂ ಉಳಿದವು ಹಿಡಿದಿರುತ್ತವೆ. ಕೆಲವು ಸಲ ಒಂದು ತೂತಿನ ಎಳೆ ಪಕ್ಕದ ತೂತಿಗೂ ಹೋಗುವುದರಿಂದ ನೋಡುವವರಿಗೆ ನಿಜವಾದ ಹೊಲಿಗೆಯೇ ಅನ್ನಿಸುತ್ತದೆ.

ಇದರಲ್ಲಿ ಇನ್ನೂ ಎರಡು ಜಾಣತನಗಳಿವೆ. ತೂತುಗಳು ಎಷ್ಟು ಸಣ್ಣವೆಂದರೆ ಎಲೆ ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಗಿಡದಲ್ಲೇ ಜೀವಂತವಾಗಿ ಹಸಿರಾಗಿ ಉಳಿಯುತ್ತದೆ. ಜತೆಗೆ ಎಲೆಯ ಮೇಲ್ಮೈ ಹೊರಗೆ ಬರುವಂತೆ ಮಡಚಿರುವುದರಿಂದ ಗೂಡು ಉಳಿದ ಎಲೆಗಳ ನಡುವೆ ಇನ್ನೊಂದು ಎಲೆಯಾಗಿ ಬೆರೆತುಹೋಗುತ್ತದೆ. ಒಳಗೆ ಹತ್ತಿ, ಬೂರುಗದ ಅರಳೆ ತುಂಬಿದ ಮೆತ್ತನೆಯ ಬಟ್ಟಲು. ನೀವು ದಿನಾ ನೀರು ಹಾಕುವ ಗಿಡದಲ್ಲೇ ಗೂಡಿದ್ದರೂ ಮರಿಗಳು ಹಾರಿಹೋಗುವ ತನಕ ಗೊತ್ತಾಗದೇ ಇರಬಹುದು.

ಮಿಂಚುಹುಳದ ದೀಪ ಯಾರ ಮನೆಯದು?

"ಈ ಹಕ್ಕಿ ರಾತ್ರಿ ಬೆಳಕಿಗಾಗಿ ಗೂಡಿನ ಗೋಡೆಗೆ ಮಿಂಚುಹುಳ ಅಂಟಿಸುತ್ತದೆ" ಎಂಬ ಮಾತನ್ನೂ ಸಿಂಪಿಗನ ಫೋಟೊ ಹಾಕಿ ಹಂಚುವುದುಂಟು. ಇಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದಾಗಿ, ಇದು ಗೀಜಗನ ಬಗ್ಗೆ ಇರುವ ಹಳೆಯ ಜನನಂಬಿಕೆ. ಜಾಲಿ ಮರದಿಂದ, ಬಾವಿಯ ಮೇಲೆ ಬಾಗಿದ ಕೊಂಬೆಯಿಂದ ಸೋರೆಬುರುಡೆಯಂತೆ ನೇತಾಡುವ ಹುಲ್ಲಿನ ಗೂಡು ಗೀಜಗನದು. ಅದು ನೇಯುವ ಹಕ್ಕಿ, ಮುಖ್ಯವಾಗಿ ಕಾಳು ತಿನ್ನುತ್ತದೆ. ಸಿಂಪಿಗ ಹುಳ ತಿನ್ನುವ ಹಕ್ಕಿ. ಎರಡೂ ಬೇರೆ ಬೇರೆ ಕುಟುಂಬಗಳು.

ಎರಡನೆಯದಾಗಿ, ಗೀಜಗನೂ ದೀಪ ಹಚ್ಚುವುದಿಲ್ಲ. ಅದರ ಗೂಡಿನೊಳಗೆ ಹಸಿಮಣ್ಣಿನ ಉಂಡೆಗಳು ಅಂಟಿಕೊಂಡಿರುವುದು ನಿಜ. ಅದನ್ನು ಕಂಡವರು ಮಿಂಚುಹುಳ ಸಿಕ್ಕಿಸಲು ಮಾಡಿದ ಜಾಗ ಎಂದು ಕಥೆ ಕಟ್ಟಿದರು. ರಾತ್ರಿ ನಿದ್ದೆ ಮಾಡುವ ಹಕ್ಕಿಗೆ ದೀಪದಿಂದ ಆಗಬೇಕಾದ್ದೇನೂ ಇಲ್ಲ.

ಮೊಟ್ಟೆಯಿಂದ ಹಾರುವ ತನಕ ನಾಲ್ಕು ವಾರ

ಸಿಂಪಿಗ ಮಾರ್ಚ್‌ನಿಂದ ಡಿಸೆಂಬರ್ ತನಕ ಯಾವಾಗ ಬೇಕಾದರೂ ಗೂಡು ಕಟ್ಟಬಹುದು. ಆದರೆ ಹೆಚ್ಚು ಗೂಡುಗಳು ಜೂನ್‌ನಿಂದ ಆಗಸ್ಟ್ ನಡುವೆ. ಕಾರಣ ಸರಳ. ಮಳೆ ಬಂದರೆ ಚಿಗುರು, ಚಿಗುರಿದ್ದರೆ ಹುಳ, ಹುಳ ಇದ್ದರೆ ಮರಿಗಳ ಹೊಟ್ಟೆ ತುಂಬುತ್ತದೆ. 42 ಡಿಗ್ರಿ ದಾಟುವ ನಮ್ಮ ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಈ ಹಕ್ಕಿಯ ಕೂಗು ಹೆಚ್ಚಾಗುವುದು ಇದೇ ಕಾರಣಕ್ಕೆ.

ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ಸುಮಾರು 12 ದಿನ ಕಾವು. ಹೊರಬಂದ ಮರಿಗಳು ಸುಮಾರು 14 ದಿನಕ್ಕೆ ಗೂಡು ಬಿಡುತ್ತವೆ. ಗಂಡು ಹೆಣ್ಣು ಎರಡೂ ಹುಳ ತಂದು ತಿನ್ನಿಸುತ್ತವೆ. ಮರಿಗಳ ಹಿಕ್ಕೆಯನ್ನು ಹೊರಗೆ ಸಾಗಿಸಿ ಗೂಡು ಸ್ವಚ್ಛ ಇಡುವುದೂ ಇಬ್ಬರ ಕೆಲಸವೇ. ಗೂಡು ಬಿಟ್ಟ ಹೊಸದರಲ್ಲಿ ರಾತ್ರಿ ಮಲಗುವಾಗ ಮರಿಯನ್ನು ನಡುವೆ ಕೂರಿಸಿಕೊಂಡು ಎರಡೂ ಬದಿಗೆ ತಂದೆತಾಯಿ ಒತ್ತಿ ಕೂರುವುದನ್ನು ಹಕ್ಕಿ ವೀಕ್ಷಕರು ದಾಖಲಿಸಿದ್ದಾರೆ.

ಇಷ್ಟೆಲ್ಲ ಮಾಡಿದರೂ ಬಹಳಷ್ಟು ಗೂಡುಗಳು ಕೈಗೂಡುವುದಿಲ್ಲ. ಇಲಿ, ಬೆಕ್ಕು, ಓತಿಕ್ಯಾತ, ಕೆಂಬೂತ ಮೊಟ್ಟೆ ಮರಿಗಳನ್ನು ತಿನ್ನುತ್ತವೆ. ಕೆಲವು ಜಾತಿಯ ಸಣ್ಣ ಕೋಗಿಲೆಗಳು ಇದರ ಗೂಡಿನಲ್ಲಿ ತಮ್ಮ ಮೊಟ್ಟೆ ಇಟ್ಟು ಹೋಗುತ್ತವೆ. ಆಗ ಹತ್ತು ಗ್ರಾಂನ ತಾಯಿ ತನಗಿಂತ ದೊಡ್ಡ ಮರಿಗೆ ತುತ್ತು ಕೊಡುವ ಪರಿಸ್ಥಿತಿ ಬರುತ್ತದೆ. ಇದು ನಿಸರ್ಗದ ಲೆಕ್ಕ. ನಾವು ನಡುವೆ ಬಂದು ಸೇರಿಸುವ ನಷ್ಟ ಬೇರೆಯದು.

"ಮುಟ್ಟಬ್ಯಾಡ, ತಾಯಿ ಬಿಟ್ಟು ಹೋಗ್ತದ" ಎಂಬುದು ಎಷ್ಟು ನಿಜ?

"ಯಪ್ಪಾ, ಮರಿ ಮುಟ್ಟಬ್ಯಾಡೋ, ಮನುಷ್ಯಾರ ವಾಸನಿ ಬಂದ್ರ ತಾಯಿ ಕೂಡಿಸ್ಕೊಳ್ಳಂಗಿಲ್ಲ" ಎಂದು ಮನೆಯ ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ವಾಸನೆಯ ಕಾರಣ ಸರಿಯಲ್ಲ. ಹಾಡುಹಕ್ಕಿಗಳು ತಮ್ಮ ಮರಿಗಳನ್ನು ಮನುಷ್ಯರ ವಾಸನೆ ಬಂತೆಂದು ತಿರಸ್ಕರಿಸುವುದಿಲ್ಲ. ಗಾಳಿಗೆ ಕೆಳಗೆ ಬಿದ್ದ ಪುಕ್ಕ ಬಾರದ ಮರಿಯನ್ನು ಮೆಲ್ಲಗೆ ಎತ್ತಿ ಗೂಡಿನೊಳಗೆ ಇಟ್ಟರೆ ತಾಯಿ ಮತ್ತೆ ತುತ್ತು ಕೊಡುತ್ತದೆ.

ಆದರೆ ಹಿರಿಯರ ಸಲಹೆ ಸರಿಯೇ ಇದೆ. ಪದೇ ಪದೇ ಹೋಗಿ ಗೂಡು ಬಗ್ಗಿಸಿ ನೋಡಿದರೆ ಹಕ್ಕಿ ಹೆದರುತ್ತದೆ. ಗೂಡು ಕಟ್ಟುವಾಗ ಅಥವಾ ಕಾವು ಕೂರುವ ಮೊದಲ ದಿನಗಳಲ್ಲಿ ಹೀಗಾದರೆ ಗೂಡನ್ನೇ ಬಿಟ್ಟು ಹೋಗಬಹುದು. ನಮ್ಮ ಓಡಾಟ ನೋಡಿ ಕಾಗೆ, ಬೆಕ್ಕುಗಳಿಗೂ ಗೂಡಿನ ಜಾಗ ಗೊತ್ತಾಗಬಹುದು.

ಪುಕ್ಕ ಬಂದು, ಮೋಟು ಬಾಲದಲ್ಲಿ ಕುಪ್ಪಳಿಸುತ್ತಿರುವ ಮರಿ ಕಂಡರೆ ಅದು ಬಿದ್ದ ಮರಿಯಲ್ಲ, ಹಾರಲು ಕಲಿಯುತ್ತಿರುವ ಮರಿ. ತಂದೆತಾಯಿ ಪಕ್ಕದ ಗಿಡದಲ್ಲೇ ಕೂಗುತ್ತಿರುತ್ತವೆ. ಅದನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಹಾಲು, ಅನ್ನ, ರೊಟ್ಟಿ ಚೂರು ತಿನ್ನಿಸುವುದು ಪ್ರೀತಿಯಿಂದ ಮಾಡುವ ತಪ್ಪು. ಹಕ್ಕಿಗಳಿಗೆ ಹಾಲು ಜೀರ್ಣವಾಗುವುದಿಲ್ಲ. ಬಾಯಿಗೆ ನೀರು ಬಿಟ್ಟರೆ ಶ್ವಾಸನಾಳಕ್ಕೆ ಹೋಗಿ ಸಾಯಬಹುದು. ಹತ್ತಿರದ ಪೊದೆಯ ಮೇಲೆ ಕೂರಿಸಿ, ಬೆಕ್ಕು ನಾಯಿಗಳನ್ನು ಒಂದಷ್ಟು ಹೊತ್ತು ದೂರ ಇಟ್ಟರೆ ಸಾಕು.

ಅಕ್ಕಿ ಕಾಳು ಹಾಕಿದರೆ ಸಿಂಪಿಗ ಬದುಕುತ್ತದೆಯೇ?

ಬೇಸಿಗೆಯಲ್ಲಿ ಮಾಳಿಗೆ ಮೇಲೆ ನೀರು, ಕಾಳು ಇಡಿ ಎಂಬ ಸಂದೇಶಗಳು ಬರುತ್ತವೆ. ಒಳ್ಳೆಯ ಕೆಲಸವೇ. ನೀರಿನ ಬಟ್ಟಲಿಗೆ ಎಲ್ಲ ಹಕ್ಕಿಗಳೂ ಬರಬಹುದು. ಆದರೆ ಕಾಳಿನಿಂದ ಗುಬ್ಬಿ, ಪಾರಿವಾಳಕ್ಕೆ ಅನುಕೂಲವಾಗುತ್ತದೆಯೇ ಹೊರತು ಸಿಂಪಿಗನಿಗೆ ಏನೂ ಸಿಗುವುದಿಲ್ಲ. ಅದರ ಊಟ ಸಣ್ಣ ಜೀರುಂಡೆ, ತಿಗಣೆ ಜಾತಿಯ ಹುಳ, ಕಂಬಳಿಹುಳ, ಅವುಗಳ ಮೊಟ್ಟೆ. ಮಾವು ಹೂ ಬಿಟ್ಟಾಗ ಹೂವಿಗೆ ಬರುವ ಹುಳಗಳಿಗಾಗಿ ಬರುತ್ತದೆ. ಬೂರುಗದ ಹೂವಿನ ಮಕರಂದವನ್ನೂ ಹೀರುತ್ತದೆ. ಆಗ ಪರಾಗ ಮೆತ್ತಿ ತಲೆ ಹಳದಿಯಾಗಿ ಕಾಣುವುದರಿಂದ ಯಾವುದೋ ಹೊಸ ಹಕ್ಕಿ ಎಂದು ಮೋಸಹೋದವರೂ ಇದ್ದಾರೆ.

ಅಂದರೆ ಈ ಹಕ್ಕಿಗೆ ಬೇಕಾದ್ದು ಹುಳವಿರುವ ಗಿಡ. ಸಿಮೆಂಟ್ ಅಂಗಳದಲ್ಲಿ ಕಾಳಿನ ತಟ್ಟೆ ಇಡುವುದಕ್ಕಿಂತ ಹಿತ್ತಲಿನ ಮೂಲೆಯಲ್ಲಿ ನಿಂಬೆ, ದಾಸವಾಳ, ಸೀತಾಫಲದಂಥ ನಾಲ್ಕು ಗಿಡ ದಟ್ಟವಾಗಿ ಬೆಳೆಯಲು ಬಿಡುವುದು ಇದಕ್ಕೆ ದೊಡ್ಡ ಸಹಾಯ.

ಹೊಲದ ಹುಳಕ್ಕೆ ಹಕ್ಕಿಯೇ ಔಷಧಿಯೇ?

"ಹಕ್ಕಿ ಉಳಿಸಿ, ಎಣ್ಣಿ ಹೊಡೆಯುವುದೇ ಬೇಡ" ಎಂಬ ಸಂದೇಶವೂ ಓಡಾಡುತ್ತದೆ. ಹತ್ತಿ, ತೊಗರಿ, ಮೆಣಸಿನಕಾಯಿ ಬೆಳೆಯುವ ನಮ್ಮ ರೈತರಿಗೆ ಇಂಥ ಮಾತು ಹಗುರವಾಗಿ ಹೇಳುವುದು ಸರಿಯಲ್ಲ. ಹತ್ತಿಯ ಗುಲಾಬಿ ಕಾಯಿಕೊರಕದ ಹುಳು ಕಾಯಿಯ ಒಳಗೆ ಕೂತು ತಿನ್ನುತ್ತದೆ. ಸಿಂಪಿಗನ ಕೊಕ್ಕು ಅಲ್ಲಿಗೆ ತಲುಪುವುದಿಲ್ಲ. ಬಯಲು ಹೊಲದ ನಡುವೆ ಈ ಹಕ್ಕಿ ಹೆಚ್ಚಾಗಿ ಹೋಗುವುದೂ ಇಲ್ಲ. ಬದುವಿನ ಪೊದೆ, ಬೇಲಿ, ತೋಟ ಅದರ ಜಾಗ.

ಹಾಗಂತ ಹಕ್ಕಿಗಳ ಲೆಕ್ಕ ಸಣ್ಣದಲ್ಲ. ಜಗತ್ತಿನ ಹುಳ ತಿನ್ನುವ ಹಕ್ಕಿಗಳು ವರ್ಷಕ್ಕೆ 40ರಿಂದ 50 ಕೋಟಿ ಟನ್ ಹುಳಹುಪ್ಪಟೆ ತಿನ್ನುತ್ತವೆ ಎಂದು 2018ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದರಲ್ಲಿ ದೊಡ್ಡ ಪಾಲು ಕಾಡಿನ ಹಕ್ಕಿಗಳದ್ದು, ಕೃಷಿಭೂಮಿಯ ಪಾಲು ತೀರಾ ಕಡಿಮೆ. ತೊಗರಿಯ ಕಾಯಿಕೊರಕಕ್ಕೆ ಹೊಲದಲ್ಲಿ ಟಿ ಆಕಾರದ ಕೋಲು ನೆಟ್ಟು ಪಕ್ಷಿ ತಂಗುದಾಣ ಮಾಡಿ ಎಂದು ಕೃಷಿ ತಜ್ಞರು ಹೇಳುವುದು ಇದೇ ಕಾರಣಕ್ಕೆ. ಆ ಕೋಲಿನ ಮೇಲೆ ಬಂದು ಕೂರುವುದು ಕಾಜಾಣ, ಗೊರವಂಕದಂಥ ಹಕ್ಕಿಗಳು. ಸಿಂಪಿಗನಿಗೆ ಬದು ಉಳಿದರೆ ಸಾಕು. ಯಾವ ಕೀಟಕ್ಕೆ ಯಾವ ಹಂತದಲ್ಲಿ ಔಷಧಿ ಬೇಕು, ಯಾವಾಗ ಬೇಡ ಎಂಬುದನ್ನು ಭೀಮರಾಯನಗುಡಿಯ ಕೃಷಿ ಕಾಲೇಜು, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಬಹುದು. ಫಾರ್ವರ್ಡ್ ನೋಡಿ ಔಷಧಿ ಹೆಚ್ಚಿಸುವುದೂ ಬೇಡ, ನಿಲ್ಲಿಸುವುದೂ ಬೇಡ.

ಔಷಧಿಯಿಂದ ಹಕ್ಕಿಗೆ ತೊಂದರೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ನೇರ ವಿಷ. ಇನ್ನೊಂದು, ಹಸಿವು. ಮರಿಗಳಿರುವ ಎರಡು ವಾರಗಳಲ್ಲಿ ಸುತ್ತಲಿನ ಹುಳಗಳೆಲ್ಲ ಸತ್ತರೆ ತಂದೆತಾಯಿ ಎಲ್ಲಿಂದ ತರಬೇಕು? ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೀರಿನಲ್ಲಿ ಇಮಿಡಾಕ್ಲೋಪ್ರಿಡ್ ಅಂಶ ಒಂದು ಮಟ್ಟ ಮೀರಿದ ಪ್ರದೇಶಗಳಲ್ಲಿ ಹುಳ ತಿನ್ನುವ ಹಕ್ಕಿಗಳ ಸಂಖ್ಯೆ ವರ್ಷಕ್ಕೆ ಸರಾಸರಿ ಶೇ 3.5ರಷ್ಟು ಇಳಿದಿತ್ತು. ಇದು ನಮ್ಮ ಊರಿನ ಲೆಕ್ಕವಲ್ಲ, ಎರಡೂ ಒಟ್ಟಿಗೆ ಕಂಡವು ಎಂದಷ್ಟೇ ಅದು ಹೇಳುತ್ತದೆ. ಆದರೆ ಆ ಔಷಧಿಯ ಹೆಸರು ಹತ್ತಿ ಬೆಳೆಯುವ ನಮ್ಮವರಿಗೆ ಹೊಸದಲ್ಲ.

ಮೊಬೈಲ್ ಟವರ್ ಸಣ್ಣ ಹಕ್ಕಿಗಳನ್ನು ಕೊಂದಿತೇ?

2018ರಲ್ಲಿ '2.0' ಸಿನಿಮಾ ಬಂದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂತು. ಟವರ್ ಬಂದದ್ದಕ್ಕೇ ಹಕ್ಕಿಗಳು ಹೋದವು ಎನ್ನಲು ಗಟ್ಟಿ ಪುರಾವೆ ಇಲ್ಲ. ಜನ ಹೆಚ್ಚು ಮಾತನಾಡುವ ಗುಬ್ಬಚ್ಚಿಯನ್ನೇ ತೆಗೆದುಕೊಳ್ಳಿ. ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದರೂ ದೇಶದ ಮಟ್ಟದಲ್ಲಿ ಅದರ ಸಂಖ್ಯೆ 25 ವರ್ಷಗಳಿಂದ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೇಳಿತು. ಆ 25 ವರ್ಷಗಳಲ್ಲೇ ಟವರ್‌ಗಳು ಹಳ್ಳಿ ಹಳ್ಳಿಗೂ ಬಂದದ್ದು.

30 ಸಾವಿರಕ್ಕೂ ಹೆಚ್ಚು ಹಕ್ಕಿ ವೀಕ್ಷಕರ ದಾಖಲೆಗಳಿಂದ 942 ಜಾತಿಗಳನ್ನು ಪರಿಶೀಲಿಸಿದ 2023ರ ವರದಿ 178 ಜಾತಿಗಳಿಗೆ ತುರ್ತು ಗಮನ ಬೇಕು ಎಂದಿದೆ. ಹಕ್ಕಿಗಳಿಗೆ ಆಪತ್ತು ಇರುವುದು ನಿಜ. ಎಲ್ಲ ತಪ್ಪನ್ನೂ ಟವರ್ ಮೇಲೆ ಹಾಕಿದರೆ, ಕಡಿದ ಬೇಲಿ, ಸುಟ್ಟ ಬದು, ಮುಚ್ಚಿದ ಹಿತ್ತಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ವಿಡಿಯೋ ಚೆನ್ನಾಗಿದೆ, ಗೂಡು ಏನಾಯಿತು?

ಸಿಂಪಿಗ ಸದ್ಯಕ್ಕೆ ಅಳಿವಿನಂಚಿನ ಹಕ್ಕಿಯಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಕಡಿಮೆ ಕಾಳಜಿಯ ವರ್ಗದಲ್ಲಿದೆ. ಆದರೂ ಪ್ರತಿ ಗೂಡಿನ ಪ್ರಶ್ನೆ ಬೇರೆ, ಮತ್ತು ಇಲ್ಲಿ ಫೋನ್ ಹಿಡಿದ ನಮ್ಮ ಪಾತ್ರ ಬರುತ್ತದೆ.

ಈ ಹಕ್ಕಿಯ ಗೂಡು ಎಲೆಗಳ ಮರೆಯಲ್ಲೇ ಇರುತ್ತದೆ ಎಂದು ನೋಡಿದೆವು. ಹಾಗಿದ್ದರೆ ಮೂರು ಮರಿಗಳು ಬಾಯಿ ತೆರೆದು, ಹಿಂದೆ ಖಾಲಿ ಹಿನ್ನೆಲೆ ಇಟ್ಟುಕೊಂಡು, ಅಡ್ಡ ಒಂದು ಎಲೆಯೂ ಇಲ್ಲದೆ ಕಾಣುವ ವಿಡಿಯೋ ಹೇಗೆ ಬಂತು? ಕೆಲವು ಸಲ ದೂರದಿಂದ ತಾಳ್ಮೆಯಿಂದ ತೆಗೆದಿರಬಹುದು. ಅನೇಕ ಸಲ ಸುತ್ತಲಿನ ಎಲೆ ಕತ್ತರಿಸಿ, ಕೊಂಬೆ ಕಟ್ಟಿ, ಗೂಡಿನ ಬಾಯಿ ಬಿಚ್ಚಿ ತೆಗೆಯುತ್ತಾರೆ. ವಿಡಿಯೋ ಮುಗಿದು ಅವರು ಹೋದ ಮೇಲೂ ಗೂಡು ಬಿಸಿಲಿಗೆ, ಮಳೆಗೆ, ಕಾಗೆಯ ಕಣ್ಣಿಗೆ ತೆರೆದೇ ಉಳಿಯುತ್ತದೆ. ನಾವು ಲೈಕ್ ಒತ್ತಿದಷ್ಟೂ ಅಂಥ ಇನ್ನೊಂದು ವಿಡಿಯೋಗೆ ಬೇಡಿಕೆ ಹುಟ್ಟುತ್ತದೆ. ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನು, ಮೊಟ್ಟೆ ಅಥವಾ ಗೂಡನ್ನು ಕದಲಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ನಾವು ಏನು ಮಾಡಬಹುದು?

ಜೂನ್‌ನಿಂದ ಆಗಸ್ಟ್ ತನಕ ಬೇಲಿ, ಹಿತ್ತಲ ಗಿಡ ಕತ್ತರಿಸುವ ಮುನ್ನ ಎರಡು ನಿಮಿಷ ಎಲೆಗಳನ್ನು ಗಮನಿಸಿ. ಅಂಚಿನಲ್ಲಿ ಬಿಳಿ ಅರಳೆಯ ಚುಕ್ಕೆಗಳು ಸಾಲಾಗಿ ಕಂಡರೆ ಅದು ಸಿಂಪಿಗನ ಹೊಲಿಗೆ. ಕತ್ತರಿಸುವುದನ್ನು ನಾಲ್ಕು ವಾರ ಮುಂದೂಡಿ. ಆ ಗಿಡಕ್ಕೆ ಔಷಧಿ ಹೊಡೆಯಬೇಡಿ. ಗೂಡಿನ ಜಾಗವನ್ನು ಗ್ರೂಪಿನಲ್ಲಿ ಹಾಕಬೇಡಿ. ನೋಡಬೇಕೆನಿಸಿದರೆ ದೂರ ನಿಂತು ನೋಡಿ. ತಾಯಿ ಹುಳ ಹಿಡಿದು ಒಳಗೆ ಹೋಗದೆ ಪಕ್ಕದಲ್ಲೇ ಕೂಗುತ್ತಿದ್ದರೆ ನೀವು ತೀರಾ ಹತ್ತಿರ ಇದ್ದೀರಿ ಎಂದರ್ಥ.

ಬೋನಾಳ ಕೆರೆಗೆ ಹೋಗಿ ಕೊಕ್ಕರೆ, ಬಾತುಗಳ ಫೋಟೊ ತೆಗೆಯುವ ಯುವಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದೇ ಉತ್ಸಾಹದಲ್ಲಿ ಮನೆ ಹಿಂದಿನ ಹಕ್ಕಿಯ ಕೂಗನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ತಾರೀಕು, ಊರು ಬರೆದು ಇ-ಬರ್ಡ್‌ನಂಥ ಆ್ಯಪ್‌ಗೆ ಸೇರಿಸಬಹುದು. ಮೇಲೆ ಹೇಳಿದ ರಾಷ್ಟ್ರೀಯ ವರದಿಗಳು ತಯಾರಾಗುವುದು ಸಾಮಾನ್ಯ ಜನರ ಇಂಥ ದಾಖಲೆಗಳಿಂದಲೇ.

ಮುಂದಿನ ಸಲ "ಗಂಟು ಹಾಕುವ ಹಕ್ಕಿ" ವಿಡಿಯೋ ಬಂದರೆ ಅಳಿಸಿಬಿಡುವ ಬದಲು ಕೆಳಗೆ ಒಂದು ಸಾಲು ಬರೆದು ಕಳಿಸಿ: "ಗಂಟು ಹಾಕಂಗಿಲ್ರಿ, ಅರಳಿ ಸಿಕ್ಕಿಸಿ ಹೊಲೀತದ. ನಿಮ್ಮ ಹಿತ್ತಲದಾಗೂ ಐತಿ, ಗಿಡ ಕಡಿಯೂ ಮುಂದ ಒಮ್ಮೆ ನೋಡ್ರಿ."